ಹರಿಗೋಲಿನ ಮೈಕೂ ತೂತು ಚೊಂಬೂ

ನಮ್ಮ ಅಡುಗೆಮನೆಯ ಅಟ್ಟದ ಮೇಲೆ ಒಂದು ತಾಮ್ರದ ಚೊಂಬು ಇದೆ. ಅದರ ಕುತ್ತಿಗೆಯಲ್ಲಿ ಮೊಳೆ ಹೊಡೆದು ಮಾಡಿದ ತೂತು. ಹಳೇ ಪಾತ್ರೆಗೆ ಹೊಸ ಪಾತ್ರೆ ಕೊಡುವವನ ಕೂಗು ಬೀದಿಯಲ್ಲಿ ಕೇಳಿದರೆ ಸಾಕು, ನನ್ನ ಹೆಂಡತಿ ಅದನ್ನು ಇಳಿಸಿ ಹೊಸ್ತಿಲ ಬಳಿ ಇಡುತ್ತಾಳೆ. ಅವನು ತಕ್ಕಡಿ ಬಿಚ್ಚುವುದರೊಳಗೆ ನಾನು ಎತ್ತಿಕೊಂಡು ಒಳಗೆ ಬರುತ್ತೇನೆ. ಇದು ನಮ್ಮ ಮನೆಯಲ್ಲಿ ಬಹಳ ಕಾಲದಿಂದ ನಡೆದುಬಂದ ಕ್ರಮ. ಪಾತ್ರೆಯವನಿಗೂ ರೂಢಿಯಾಗಿ ಹೋಗಿದೆ. ಈಗ ಆ ಚೊಂಬು ಕಂಡರೆ ಅವನು ತಕ್ಕಡಿಗೆ ಕೈಯನ್ನೇ ಹಾಕುವುದಿಲ್ಲ.

"ಸರ್ಟಿಫಿಕೇಟು ಗೋಡೆ ಮೇಲೆ, ತೂತು ಚೊಂಬು ಅಟ್ಟದ ಮೇಲೆ. ಎರಡರಲ್ಲೂ ನೀರು ಕುಡಿಯೋ ಹಂಗಿಲ್ಲ," ಎನ್ನುತ್ತಾಳೆ ನನ್ನಾಕೆ.

ಸರ್ಟಿಫಿಕೇಟಿನ ವಿಷಯದಲ್ಲಿ ನಾನು ವಿನಯ ತೋರಿಸುವವನಲ್ಲ. ನಮ್ಮ ವಂಶದಲ್ಲಿ ಹೆಬ್ಬೆಟ್ಟು ಒತ್ತದೆ ರುಜು ಹಾಕಿದವನು ನಾನೇ ಮೊದಲಿಗ. ಚಡ್ಡಿಯನ್ನು ತಲೆಗೆ ಸುತ್ತಿಕೊಂಡು ಶಿಂಷಾ ಹೊಳೆ ದಾಟಿ ಮದ್ದೂರಿನ ಶಾಲೆಗೆ ಹೋದವನು, ಮೈಸೂರಿನ ಹಾಸ್ಟೆಲಿನಲ್ಲಿ ಮುದ್ದೆಯ ಕನಸು ಕಾಣುತ್ತ ಅನ್ನ ತಿಂದವನು. ಬಿ.ಎಸ್ಸಿ. ಪಾಸಾಗಿ ಊರಿಗೆ ಬಂದ ದಿನವೇ ಅಪ್ಪ ಇಟ್ಟ ಹೆಸರು ಹೋಗಿ ನಾನು 'ಬೀಯಸ್ಸಿ' ಆದೆ. "ಬೀಯಸ್ಸಿ, ಎಮ್ಮೆ ಬುಡ್ಕೊಂಡದೆ, ಇಡ್ಕೊಳ್ಲಾ," ಎಂದು ಬೀದಿಯಲ್ಲಿ ಕೂಗುವಾಗಲೂ ಅವರ ದನಿಯಲ್ಲಿ ಒಂದು ಹೆಮ್ಮೆ ಇರುತ್ತಿತ್ತು ಎಂದೇ ನಾನು ಈಗಲೂ ನಂಬಿದ್ದೇನೆ. ಆ ಹೆಮ್ಮೆ ನೀರುಪಾಲಾಗಲಿದ್ದ ಒಂದು ದಿನದ ಗುರುತು ಈ ಚೊಂಬು.

ಮೊದಲು ಕಂಬದ ವಿಷಯ ಹೇಳಬೇಕು. ನಾನು ಹುಟ್ಟುವುದಕ್ಕೆ ಮುಂಚಿನಿಂದಲೂ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋಗುತ್ತಿತ್ತು. ಆ ತಂತಿ ನಮ್ಮ ಹೊಲದ ಮೇಲೇ ಹಾದಿತ್ತು. ತಲೆಯ ಮೇಲೆ ಕರೆಂಟು, ಮನೆಯೊಳಗೆ ಹರಳೆಣ್ಣೆ ದೀಪ. ದನ ಮೇಯಿಸಲು ಹೋದಾಗ ನಾನೂ ಅಕ್ಕನೂ ಕಂಬಕ್ಕೆ ಕಿವಿ ಹಚ್ಚಿ ನಿಲ್ಲುತ್ತಿದ್ದೆವು. ಒಳಗೆ ಗುಂಯ್ ಎಂದು ಒಂದೇ ಸಮ ಸದ್ದು, ಕಂಬದ ಹೊಟ್ಟೆಯಲ್ಲಿ ಯಾರೋ ಹೆಜ್ಜೇನು ಕೂಡಿಹಾಕಿದ ಹಾಗೆ. ನನಗೆ ಅದರಲ್ಲಿ ಚಿನ್ನದ ಸದ್ದು ಕೇಳುತ್ತಿತ್ತು. ಅಕ್ಕ ನಿಂಗಮ್ಮನಿಗೆ ಶ್ರುತಿ ಕೇಳುತ್ತಿತ್ತು. ಒಂದು ಕಿವಿ ಕಂಬಕ್ಕೆ ಕೊಟ್ಟು, ಇನ್ನೊಂದಕ್ಕೆ ಕೈ ಅಡ್ಡ ಹಿಡಿದು, ರಾಗಿ ಬೀಸುವ ಪದ ಎತ್ತುತ್ತಿದ್ದಳು. ಮನೆಯಲ್ಲಿ ಬೀಸುವ ಕಲ್ಲಿನ ಗುರುಗುರು, ಹೊಲದಲ್ಲಿ ಕಂಬದ ಗುಂಯ್. ಕೆಳಗೊಂದು ಸದ್ದು ಹರಿಯುತ್ತಿರದಿದ್ದರೆ ಅವಳಿಗೆ ಪದ ಏಳುತ್ತಲೇ ಇರಲಿಲ್ಲ. ಬೀಸುವ ಕಲ್ಲಿನ ಎದುರುಬದುರು ಕೂತು ಅವ್ವ ಒಂದು ಸೊಲ್ಲು ಎತ್ತುವುದು, ಅಕ್ಕ ಇನ್ನೊಂದು ಸೊಲ್ಲು ಹಿಡಿಯುವುದು. ನಾನು ಆ ಎರಡರ ನಡುವೆ ನಿದ್ದೆ ಹೋದವನು.

ಅಕ್ಕನನ್ನು ಹೊಳೆಯಾಚೆಯ ದೊಡ್ಡಿಗೆ ಕೊಟ್ಟೆವು. ನಮ್ಮದು ಈಚೆ ದಡದ ಕೊಪ್ಪಲು. ಎರಡೂ ಊರಿನ ಗದ್ದೆಗೆ ನೀರು ಹೋಗುವುದು ಒಂದೇ ಕಟ್ಟೆಯಿಂದ. ಎಡಗಾಲುವೆ ನಮಗೆ, ಬಲಗಾಲುವೆ ಅವರಿಗೆ. ಮದುವೆಯಾದ ಹೊಸದರಲ್ಲಿ ಅಕ್ಕ ಹಬ್ಬಕ್ಕೆ, ಹುಣ್ಣಿಮೆಗೆ ಹರಿಗೋಲು ಹತ್ತಿ ಬರುತ್ತಿದ್ದಳು. ಆಮೇಲೊಂದು ಬೇಸಿಗೆಯಲ್ಲಿ ಕಟ್ಟೆಯಲ್ಲಿ ನೀರು ತಡೆಯುವ ಹಲಗೆ ಕಿತ್ತವರು ಯಾರು ಎಂಬ ಮಾತಿಗೆ ದೊಣ್ಣೆ ಎದ್ದಿತು. ನಮ್ಮ ಪಟೇಲರ ತಮ್ಮನ ತಲೆ ಒಡೆಯಿತು. ನನ್ನ ಭಾವ ಚಿಕ್ಕೇಗೌಡರ ಎಡಗೈ ಮುರಿದು ಸೊಟ್ಟಗೆ ಕೂಡಿಕೊಂಡಿತು. ಅಲ್ಲಿಗೆ ಹರಿಗೋಲು ನಿಂತಿತು. ಅಲ್ಲಿನ ಹೆಣ್ಣು ಇಲ್ಲಿಗಿಲ್ಲ, ಇಲ್ಲಿನ ಹೆಣ್ಣು ಅಲ್ಲಿಗಿಲ್ಲ. ಅಕ್ಕ ಆಚೆ ದಡದಲ್ಲಿ ಬಟ್ಟೆ ಒಗೆಯಲು ಬಂದರೆ ಅವ್ವ ಈಚೆ ದಡದಲ್ಲಿ ಕೂತು ನೋಡುವುದು, ಅಷ್ಟೇ. ಬರಬರುತ್ತ ಅವ್ವನ ಕಣ್ಣಿಗೆ ಪೊರೆ ಬಂದು ಅದೂ ತಪ್ಪಿತು. "ಸದ್ದಾದ್ರೂ ಕೇಳ್ಸತದೇನೋ ಅಂತ ಕುಂತ್ಕೋತೀನಿ ಕಣ್ಲಾ. ಒಳೆ ಸದ್ದೇ ಕೇಳ್ತದೆ," ಎನ್ನುತ್ತಿದ್ದಳು.

ಸ್ವಾತಂತ್ರ್ಯ ಬಂದ ವರ್ಷ ಅದು. ಮಳೆಗಾಲ ಕಳೆದ ಮೇಲೆ ನಮ್ಮ ಮೈಸೂರು ಸಂಸ್ಥಾನದಲ್ಲೂ ಜನರ ಸರ್ಕಾರ ಬಂತು ಎಂದು ಊರೂರಲ್ಲಿ ಸಭೆ. ಮಂಡ್ಯದ ವಕೀಲರೊಬ್ಬರು, ಖಾದಿ ತೊಟ್ಟ ವಯಸ್ಸಾದವರು, ಎರಡೂ ಊರಿಗೆ ಬೇಕಾದವರು, ಇದೇ ನೆಪದಲ್ಲಿ ಕೊಪ್ಪಲು, ದೊಡ್ಡಿಗಳನ್ನು ಕೂಡಿಸುತ್ತೇನೆಂದು ಹೊರಟರು. ಸಭೆ ಯಾವ ದಡದಲ್ಲಿ? ಅಲ್ಲಿಗೆ ಇವರು ಕಾಲಿಡುವುದಿಲ್ಲ, ಇಲ್ಲಿಗೆ ಅವರು ಕಾಲಿಡುವುದಿಲ್ಲ. ಕೊನೆಗೆ ವಕೀಲರೇ ಬೇಸತ್ತು, "ಹಾಗಾದರೆ ಹೊಳೆ ಮಧ್ಯೆ ಮಾಡೋಣ," ಎಂದರು. ಅವರು ತಮಾಷೆಗೆ ಅಂದದ್ದು. ನಮ್ಮವರು ಒಪ್ಪಿಬಿಟ್ಟರು.

ಒಪ್ಪಿದ ಮೇಲೆ ಎಲ್ಲವೂ ಸರಿಸಮ. ಅವರದೊಂದು ಹರಿಗೋಲು, ನಮ್ಮದೊಂದು ಹರಿಗೋಲು. ಎರಡನ್ನೂ ಜೋಡಿಸಿ ಕಟ್ಟಿ ಮೇಲೆ ಹಲಗೆ. ಬಾವುಟದ ಕೋಲಿಗೆ ಅವರದೊಂದು ಬಿದಿರು, ನಮ್ಮದೊಂದು ಬಿದಿರು. ಭಾಷಣಕ್ಕೆ ಮುಂಚೆ ಪದ ಹೇಳುವವರು ಯಾರು ಎಂಬ ಜಗಳಕ್ಕೆ ವಕೀಲರು, "ಕೊಪ್ಪಲಿನ ಮಗಳು, ದೊಡ್ಡಿಯ ಸೊಸೆ, ಅವಳೇ ಹೇಳಲಿ," ಎಂದು ತೀರ್ಪು ಕೊಟ್ಟರು. ಅಂದರೆ ನಮ್ಮ ಅಕ್ಕ.

ಅವ್ವನಿಗೆ ಈ ಸುದ್ದಿ ತಿಳಿದಾಗ ಅವಳು ಕೇಳಿದ್ದು ಒಂದೇ ಮಾತು. "ಮೈಕಲ್ಲಿ ಏಳ್ತಳಾ? ನಂಗೆ ಕೇಳ್ಸತದಾ?"

"ಕೇಳ್ಸತದೆ ಕಣವ್ವ. ಅಕ್ಕ ಉಸ್ರು ಎಳ್ಕೊಂಡ್ರೂ ಕೇಳ್ಸತದೆ," ಎಂದೆ. ಬಿ.ಎಸ್ಸಿ. ಓದಿದವನ ಮಾತು.

ಮೈಕ್ ಸೆಟ್ಟು ಮಂಡ್ಯದ ರೇಡಿಯೋ ಅಂಗಡಿಯಿಂದ ಬಂತು. ಬ್ಯಾಟರಿಯಲ್ಲಿ ನಡೆಯುವಂಥದು: ಒಂದು ಮೈಕು, ದನಿ ದೊಡ್ಡದು ಮಾಡುವ ತಗಡಿನ ಪೆಟ್ಟಿಗೆ, ದನಿ ಹೊರಬೀಳುವ ತುತ್ತೂರಿ. ಆ ವಾರ ಎಲ್ಲ ಊರಲ್ಲೂ ಸಭೆಯಾದ್ದರಿಂದ ಅಂಗಡಿಯ ಆಳುಗಳು ಸಾಲಲಿಲ್ಲ. "ನೀವು ಬಿ.ಎಸ್ಸಿ. ಅಲ್ವೇ, ನೀವೇ ನೋಡಿಕೊಳ್ಳಿ ಸ್ವಾಮಿ. ಅರ್ತು ಮಾತ್ರ ಚೆನ್ನಾಗಿ ಕೊಡಿ," ಎಂದರು. ಅರ್ತು ಎಂದರೆ ಪೆಟ್ಟಿಗೆಯ ತಗಡಿನಿಂದ ಒಂದು ತಂತಿ ಎಳೆದು ನೆಲಕ್ಕೆ ಕೊಡುವುದು. ಬೇಡದ ಸದ್ದು ಅದರಲ್ಲಿ ಇಳಿದುಹೋಗುತ್ತದೆ. ನಮ್ಮ ದಡದ ಹಸಿಮಣ್ಣಿಗೆ ಕಬ್ಬಿಣದ ಕೊಳವೆ ಹೊಡೆದು, ರಬ್ಬರು ಸುತ್ತಿದ ತಂತಿ ಕಟ್ಟಿ, ಅದು ಮುಳುಗದಿರಲೆಂದು ಅಲ್ಲಲ್ಲಿ ಒಣಗಿದ ಸೋರೆಬುರುಡೆ ತೇಲಿಬಿಟ್ಟು ಹೊಳೆಯ ನಡುವಿಗೆ ಎಳೆದೆವು. ನೋಡಲು ಬಹಳ ಚೆನ್ನಾಗಿತ್ತು. ಅಷ್ಟು ಚೆನ್ನಾಗಿದ್ದದ್ದೇ ತಪ್ಪಾಯಿತು.

"ಅವ್ರ ನೆಲದಿಂದ ದಾರ ಬಂದದೆ, ನಮ್ಮ ನೆಲದಿಂದ ಯಾಕಿಲ್ಲ?" ಎಂದು ದೊಡ್ಡಿಯಿಂದ ಭಾವ ಹೇಳಿಕಳಿಸಿದರು. ನಾನು ಲೆಕ್ಕ ಹಾಕಿದೆ. ಅರ್ತು ಒಳ್ಳೆಯದು ಎಂದಮೇಲೆ ಎರಡು ಅರ್ತು ಇನ್ನೂ ಒಳ್ಳೆಯದು. ಅವರ ದಡದಲ್ಲೂ ಒಂದು ಕೊಳವೆ, ಒಂದು ತಂತಿ, ಅಷ್ಟೇ ಸೋರೆಬುರುಡೆ. ಪೆಟ್ಟಿಗೆ ನಮ್ಮ ಹರಿಗೋಲಿನಲ್ಲಿ, ನಮ್ಮ ಅರ್ತಿಗೆ. ಮೈಕಿನ ಕಬ್ಬಿಣದ ಕೋಲು ಅವರ ಹರಿಗೋಲಿನಲ್ಲಿ, ಅವರ ಅರ್ತಿಗೆ. ನ್ಯಾಯವೆಂದರೆ ನ್ಯಾಯ.

ಮಧ್ಯಾಹ್ನ ಇಳಿಯುವ ಹೊತ್ತು. ಎರಡು ದಡದ ಮೇಲೂ ಜನ ಕಪ್ಪಗೆ ಕವಿದಿದ್ದರು. ಗಂಡಸರ ಕೈಯಲ್ಲಿ ದೊಣ್ಣೆ ಇರಲಿಲ್ಲ, ಆದರೆ ದೊಣ್ಣೆಗಳು ಬಹಳ ದೂರದಲ್ಲೂ ಇರಲಿಲ್ಲ. ಅವ್ವ ನಮ್ಮ ದಡದ ಮುಂದಿನ ಸಾಲಿನಲ್ಲಿ, ನೀರಿಗೆ ಹತ್ತಿರವಾಗಿ, ಕಿವಿಯ ಮೇಲಿನ ಸೆರಗು ಸರಿಸಿ ಕೂತಿದ್ದಳು. ನಮ್ಮ ಹರಿಗೋಲಿನಲ್ಲಿ ಅಂಬಿಗ, ಪಟೇಲರು, ನಾನು. ಅವರ ಹರಿಗೋಲಿನಲ್ಲಿ ಅವರ ಅಂಬಿಗ, ಭಾವ, ಅಕ್ಕ. ಅಕ್ಕ ಮೊದಲಿಗಿಂತ ಕರಗಿದ್ದಳು. ತೊಡೆಯ ಮೇಲೆ ಕುಡಿಯುವ ನೀರಿನ ತಾಮ್ರದ ಚೊಂಬು. ಮದುವೆಯಲ್ಲಿ ಅವ್ವ ಕೊಟ್ಟದ್ದು. ವಕೀಲರು ಎರಡು ಹರಿಗೋಲಿನ ಕೂಡಿನ ಮೇಲೆ, ಒಂದು ಕಾಲು ಇತ್ತ, ಒಂದು ಕಾಲು ಅತ್ತ ಇಟ್ಟು ನಿಂತಿದ್ದರು. ಯಾರಿಗೂ ಮಾತಿಗೆ ಎಡೆ ಇರಬಾರದಲ್ಲ.

ನಾನು ಗುಂಡಿ ತಿರುಗಿಸಿದೆ. ಪೆಟ್ಟಿಗೆ ಕಾಯಿತು. ತುತ್ತೂರಿ ಬಾಯಿ ತೆರೆಯಿತು.

ಗುಂಯ್.

ಎರಡು ದಡಕ್ಕೂ ಬಡಿದು ವಾಪಸು ಬಂತು. ನೀರಿನ ಮೇಲಿನ ಕೊಕ್ಕರೆಗಳು ಎದ್ದವು. ನಾನು ಗುಂಡಿ ಇಳಿಸಿದರೆ ಗುಂಯ್ ಇಳಿಯಿತು, ಜೊತೆಗೆ ಮೈಕೂ ಸತ್ತಿತು. ಏರಿಸಿದರೆ ಎರಡೂ ಎದ್ದವು. ವಕೀಲರು ಮೈಕಿನ ಮುಂದೆ "ಮಹಾಜನರೇ" ಎಂದರು. ಅವರು ಕೆರೆಯ ತಳದಿಂದ ಮಾತಾಡಿದಂತಾಯಿತು. ದಡದಲ್ಲಿ ನಗು, ಆಮೇಲೆ ಗುಸುಗುಸು.

ವಾಲ್ವು ಅಲ್ಲಾಡಿಸಿದೆ. ಬ್ಯಾಟರಿಯ ತುದಿ ಉಜ್ಜಿದೆ. ಮೈಕಿನ ದಾರ ಬಿಚ್ಚಿ ಕಟ್ಟಿದೆ. ಹಿಂದಿನ ದಿನ ಸ್ಕೂಲಿನ ಜಗುಲಿಯಲ್ಲಿ ಇಟ್ಟು ನೋಡಿದಾಗ ಗಾಜಿನಷ್ಟು ಶುದ್ಧವಾಗಿ ಮಾತಾಡಿದ್ದ ಪೆಟ್ಟಿಗೆ. ನನ್ನ ಬೆವರು ಅದರ ತಗಡಿನ ಮೇಲೆ ತೊಟ್ಟಿಕ್ಕಿತು.

"ಏನ್ಲಾ ಬೀಯಸ್ಸಿ, ಓದಿದ್ದು ಎಲ್ಲೋಯ್ತು?" ಪಟೇಲರು ತಗ್ಗಿದ ದನಿಯಲ್ಲೇ ಕೇಳಿದರು.

"ಪೆಟ್ಗೆ ಮಡಗಿರದು ನಿಮ್ಮ ಅರ್ಗೋಲಲ್ಲಿ. ಕೆಟ್ರೆ ನಿಮ್ಮ ಕಡೇದೇ ಕೆಟ್ಟಿರ್ಬೇಕು," ಎಂದರು ಭಾವ, ಯಾರನ್ನೂ ನೋಡದೆ.

"ನಿಮ್ಮ ತಂತಿ ಬರಗಂಟ ಚೆನ್ನಾಗೇ ಇತ್ತು ಕಣಪ್ಪ," ಪಟೇಲರ ದನಿ ಈಗ ತಗ್ಗಿರಲಿಲ್ಲ.

ಭಾವನ ಸೊಟ್ಟ ಕೈ ಎರಡು ಹರಿಗೋಲು ಬಿಗಿದಿದ್ದ ಹಗ್ಗದ ಗಂಟಿನ ಮೇಲೆ ಹೋಗಿ ಕೂತಿತು. "ಗಂಟು ಬಿಚ್ಚದು ಗಳಿಗೆ ಕೆಲ್ಸ. ನಮ್ಮ ಅರ್ಗೋಲು ನಾವ್ ತಕ್ಕಂಡ್ ಓಯ್ತೀವಿ."

ಅಕ್ಕ ಗಂಡನ ಕೈ ನೋಡಿದಳು, ನನ್ನನ್ನು ನೋಡಿದಳು. ದಡದ ಕಡೆ ನೋಡಲಿಲ್ಲ. ಆ ಗಂಟು ಬಿಚ್ಚಿದರೆ ಅವ್ವ ಬದುಕಿರುವತನಕ ಅಕ್ಕನ ದನಿ ಕೇಳುವುದಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ವಕೀಲರು ಎರಡು ಕಾಲೂ ನಡುಗದಂತೆ ನಿಲ್ಲುವುದರಲ್ಲೇ ಮುಳುಗಿದ್ದರು.

ಆಗ ಅಕ್ಕ, ಮಾತು ತಿರುಗಿಸಲೆಂದೋ ಏನೋ, ಮೆಲ್ಲಗೆ ಅಂದಳು: "ತಮ್ಮ, ನಮ್ಮೊಲದ ಕಂಬ ಇದ್ದಂಗೇ ಗುಯ್ಗುಡ್ತದಲ್ಲೋ ಇದು."

ನಾನು ಕೈಲಿದ್ದುದನ್ನು ಬಿಟ್ಟು ಕೇಳಿಸಿಕೊಂಡೆ. ಅದೇ. ಸಣ್ಣವರಾಗಿ ಕಂಬಕ್ಕೆ ಕಿವಿ ಹಚ್ಚಿ ಕೇಳಿದ ಜಾತಿಯದೇ ಸದ್ದು. ಅದು ಕಂಬದ ಕರೆಂಟಿನ ದನಿ, ಬ್ಯಾಟರಿಯ ದನಿಯಲ್ಲ. ಬ್ಯಾಟರಿ ಕೆಟ್ಟರೆ ಚರಚರ ಎನ್ನುತ್ತದೆ, ಕೊರಗುಟ್ಟುತ್ತದೆ. ಹೀಗೆ ಶ್ರುತಿ ಹಿಡಿಯುವುದಿಲ್ಲ. ಆದರೆ ಹರಿಗೋಲಿನಲ್ಲಿ ಕಂಬದ ಕರೆಂಟು ಎಲ್ಲಿಂದ ಬಂತು?

ನೆಲದಿಂದ ಬಂತು. ನಮ್ಮ ಕೊಪ್ಪಲಿಗೆ ಈಚೆಗೆ ಕರೆಂಟು ಬಂದಿತ್ತು, ಪಟೇಲರ ಅಕ್ಕಿ ಗಿರಣಿಗೆ ಮಾತ್ರ. ಆ ಕಂಬಗಳ ಬುಡದಲ್ಲಿ ಒಂದಿಷ್ಟು ಕರೆಂಟು ನಮ್ಮ ಮಣ್ಣಿಗೆ ಸೋರುತ್ತಿತ್ತು. ದೊಡ್ಡಿಗೆ ಕರೆಂಟಿರಲಿಲ್ಲ, ಅವರ ಮಣ್ಣು ತಣ್ಣಗಿತ್ತು. ಎರಡು ದಡದ ಮಣ್ಣಿಗೂ ಒಂದೇ ಮಟ್ಟವಿಲ್ಲ. ಮಟ್ಟ ಬೇರೆಯಾದ ಎರಡು ಗದ್ದೆಯ ನಡುವೆ ಕಾಲುವೆ ತೋಡಿದರೆ ನೀರು ಸುಮ್ಮನಿರುತ್ತದೆಯೇ? ಅವರ ತಂತಿ, ಮೈಕು, ನನ್ನ ಪೆಟ್ಟಿಗೆ, ನಮ್ಮ ತಂತಿ. ನ್ಯಾಯ ಮಾಡುತ್ತೇನೆಂದು ನಾನೇ ತೋಡಿದ ಕಾಲುವೆ ಅದು. ಅದರಲ್ಲಿ ಹರಿಯುತ್ತಿದ್ದದ್ದನ್ನು ತುತ್ತೂರಿ ಊರಿಗೆಲ್ಲ ಕೇಳಿಸುತ್ತಿತ್ತು.

ಮೈಸೂರಿನಲ್ಲಿ ಪರೀಕ್ಷೆಗೆ ಕೂತಾಗಲೂ ನನಗೆ ಅಷ್ಟು ಸ್ಪಷ್ಟವಾಗಿ ಏನೂ ಹೊಳೆದಿರಲಿಲ್ಲ. ಆದರೆ ಹೊಳೆದದ್ದನ್ನು ಮಾಡಬೇಕಲ್ಲ. ಒಂದು ಅರ್ತು ತೆಗೆಯಬೇಕು. ಯಾರದು?

ಎಲ್ಲರ ಕಣ್ಣೆದುರಿಗೇ ಮಾಡಬೇಕೆಂದು ನಿಶ್ಚಯಿಸಿದೆ. ಮೈಕಿನ ಕೋಲಿಗೆ ಕಟ್ಟಿದ್ದ ದೊಡ್ಡಿಯ ತಂತಿ ಬಿಚ್ಚಿದೆ. ಗುಂಯ್ ಎಂಬುದು ಕತ್ತರಿಸಿದಂತೆ ನಿಂತಿತು. ನಮ್ಮ ದಡದಲ್ಲಿ ಕೇಕೆ ಎದ್ದಿತು.

"ನೋಡ್ದಾ, ನಾ ಏಳ್ನಿಲ್ವಾ?" ಪಟೇಲರು ತೊಡೆ ತಟ್ಟಿದರು.

ಭಾವ ಗಂಟಿನ ಒಂದು ಸುತ್ತು ಬಿಚ್ಚಿದರು.

"ವಸಿ ತಡೀರಿ ಭಾವ, ನಿಮ್ಮ ಕೈ ಮುಗೀತೀನಿ," ಎಂದು ಅವರ ತಂತಿಯನ್ನು ಮತ್ತೆ ಕಟ್ಟಿದೆ. ಗುಂಯ್ ಬಂತು. ಈಗ ಪೆಟ್ಟಿಗೆಯಿಂದ ನಮ್ಮ ತಂತಿ ಬಿಚ್ಚಿದೆ. ಗುಂಯ್ ನಿಂತಿತು. ಈ ಸಲ ಕೇಕೆ ಆಚೆ ದಡದಲ್ಲಿ.

ಪಟೇಲರ ಮುಖ ಕಪ್ಪಿಟ್ಟಿತು. "ಅಂದ್ರೆ ನಮ್ದೇ ಕೆಟ್ಟದ್ದು ಅಂತಿಯೇನ್ಲಾ? ಊರನ್ನ ತಿಂದು ಊರಿಗೇ ಬಗೀತಿಯಾ?"

"ಯಾವ್ದೂ ಕೆಟ್ಟಿಲ್ಲ ಪಟೇಲ್ರೆ. ನಮ್ದು ಒಂದೇ ಇದ್ರೂ ಮಾತಾಡ್ತದೆ, ಅವ್ರ್ದು ಒಂದೇ ಇದ್ರೂ ಮಾತಾಡ್ತದೆ. ಎರ್ಡೂ ಇದ್ರೆ ಗುಯ್ಗುಡ್ತದೆ."

"ಹಂಗಾರೆ ನಮ್ದು ಮಡಗು."

"ನಮ್ದ ಕಿತ್ರೆ ಈ ಅರ್ಗೋಲು ಇಲ್ಲಿರಲ್ಲ," ಎಂದರು ಭಾವ. ಗಂಟಿನಲ್ಲಿ ಇನ್ನೊಂದೇ ಸುತ್ತು ಉಳಿದಿತ್ತು. ಹರಿಗೋಲುಗಳು ಆಗಲೇ ಒಂದಕ್ಕೊಂದು ಉಜ್ಜಿ ಕಿರ್ ಎನ್ನತೊಡಗಿದ್ದವು. ವಕೀಲರು ಬಾವುಟದ ಬಿದಿರು ಹಿಡಿದುಕೊಂಡರು.

ನಾನು ಎರಡೂ ತಂತಿ ಬಿಚ್ಚಿ, ಇತ್ತ ಒಂದು, ಅತ್ತ ಒಂದು, ನೀರಿಗೆ ಎಸೆದೆ. ಸೋರೆಬುರುಡೆಗಳು ತಮ್ಮತಮ್ಮ ದಡದ ಕಡೆಗೆ ಓಲಾಡುತ್ತ ಹೋದವು. ಬೈಯೋಣವೆಂದರೆ ಎರಡು ಕಡೆಗೂ ಸಮಸಮವಾಗಿತ್ತು. ಗುಂಯ್ ಇರಲಿಲ್ಲ. ಆದರೆ ಅರ್ತೇ ಇಲ್ಲದ ಪೆಟ್ಟಿಗೆ ಈಗ ಒಗ್ಗರಣೆಯ ಹಾಗೆ ಚಟಪಟ ಅನ್ನತೊಡಗಿತು. ಮೈಕಿಗೆ ಕೈ ತಾಕಿದರೆ ಸಿಡಿಲು. ಅದಕ್ಕೊಂದು ನೆಲ ಬೇಕೇ ಬೇಕು. ಕೊಪ್ಪಲಿನದಲ್ಲದ, ದೊಡ್ಡಿಯದಲ್ಲದ ನೆಲ.

ಕಾಲಡಿಯಲ್ಲೇ ಹರಿಯುತ್ತಿತ್ತು. ಅದಕ್ಕೆ ಇಳಿಬಿಡಲು ಅಗಲವಾದ ತಾಮ್ರ ಬೇಕು.

"ಅಕ್ಕ, ಚೊಂಬು ಕೊಡು."

ಬಾಯಾರಿದೆ ಎಂದುಕೊಂಡು ಕೊಟ್ಟಳು. ನಾನು ನೀರು ಚೆಲ್ಲಿ, ಅಂಬಿಗನ ಹತ್ತಿರವಿದ್ದ ದಪ್ಪ ಮೊಳೆ, ಕಲ್ಲು ಈಸಿಕೊಂಡು, ಹಲಗೆಯ ಮೇಲೆ ಚೊಂಬು ಮಲಗಿಸಿ, ಕುತ್ತಿಗೆಗೆ ಮೊಳೆ ಇಟ್ಟು ಕಲ್ಲಿನಿಂದ ಒಂದು ಪೆಟ್ಟು ಹಾಕಿದೆ.

"ಅಯ್ಯೋ, ಅವ್ವ ಕೊಟ್ಟ ಚೊಂಬು ಕಣ್ಲಾ," ಎಂದು ಅಕ್ಕ ಎದ್ದೇಬಿಟ್ಟಳು. ಹರಿಗೋಲು ವಾಲಿತು. ಭಾವ ಗಂಟು ಬಿಟ್ಟು ಅವಳ ತೋಳು ಹಿಡಿದು ಕೂರಿಸಿದರು. ಹಗ್ಗದ ಆ ಕೊನೆಯ ಸುತ್ತನ್ನು ನಮ್ಮ ಅಂಬಿಗ ಕಾಲಿನಿಂದ ಮೆಟ್ಟಿ ಹಿಡಿದ.

ತೂತಿಗೆ ಉಳಿದಿದ್ದ ತುಂಡು ತಂತಿ ಪೋಣಿಸಿ ಹುರಿಮಾಡಿ, ಇನ್ನೊಂದು ತುದಿಯನ್ನು ಪೆಟ್ಟಿಗೆಗೆ ಬಿಗಿದು, ಚೊಂಬನ್ನು ಹೊಳೆಗೆ ಇಳಿಬಿಟ್ಟೆ. ಗುಳುಗುಳು ಎಂದು ನೀರು ಕುಡಿದು ಮುಳುಗಿತು. ಚಟಪಟ ನಿಂತಿತು. ಗುಂಯ್ ಬರಲಿಲ್ಲ. ಪೆಟ್ಟಿಗೆಯೇ ಸತ್ತಿತೇನೋ. ಉಗುರಿನಿಂದ ಮೈಕು ಮುಟ್ಟಿದೆ. ಟಕ್, ಟಕ್. ಎರಡು ದಡವೂ ಟಕ್, ಟಕ್ ಎಂದವು.

"ಏಳು ಅಕ್ಕ. ಪದ ಎತ್ತು."

ಅಕ್ಕ ಮೈಕಿನ ಮುಂದೆ ಬಂದು ನಿಂತಳು. ಬಾಯಿ ತೆರೆದಳು. ದನಿ ಬರಲಿಲ್ಲ. ಮೈಕಿನಲ್ಲಿ ಅವಳ ಉಸಿರು ಮಾತ್ರ ಕೇಳಿತು. ನಾನು ಅವ್ವನಿಗೆ ಹೇಳಿದ್ದು ಅಷ್ಟರಮಟ್ಟಿಗೆ ನಿಜವಾಯಿತು. ಅವಳು ನನ್ನ ಕಡೆ ತಿರುಗಿ, ಅದೂ ಮೈಕಿನಲ್ಲಿ ಕೇಳುವಂತೆ, "ಎಂಗ್ಲಾ ಎತ್ಲಿ? ಗುಯ್ಗುಡದ್ನ ನಿಲ್ಸ್‌ಬುಟ್ಟೆ," ಎಂದಳು.

ನಾನು ಅಷ್ಟು ಹೊತ್ತೂ ಕೊಲ್ಲಲು ಹೆಣಗಿದ್ದೇ ಅವಳ ಶ್ರುತಿ. ಬೀಸುವ ಕಲ್ಲಿಲ್ಲ, ಕಂಬವಿಲ್ಲ, ಎಲ್ಲಿಂದ ಹಿಡಿಯುತ್ತಾಳೆ? ಭಾವ ಮತ್ತೆ ಹಗ್ಗದ ಕಡೆ ನೋಡಿದರು. ಪಟೇಲರು ಕೆಮ್ಮಿದರು. ಎರಡು ದಡದಲ್ಲೂ ಮಾತು ನಿಂತು, ಹೊಳೆಯ ನೀರು ಹರಿಗೋಲಿನ ತೊಗಲಿಗೆ ತಾಗುವ ಸದ್ದು ಕೇಳುವಷ್ಟು ನಿಶ್ಶಬ್ದವಾಯಿತು.

ಅದರೊಳಗೆ, ಮೈಕಿಲ್ಲದೆ, ನಮ್ಮ ದಡದಿಂದ ಒಂದು ಒಡಕು ದನಿ ಬಂತು. ರಾಗಿ ಬೀಸುವ ಪದದ ಮೊದಲ ಸೊಲ್ಲು. ಅವ್ವ ಎತ್ತಿದ್ದಳು. ಕಣ್ಣು ಕಾಣದವಳು, ಮಗಳು ಎತ್ತ ಇದ್ದಾಳೆಂದು ತಿಳಿಯದೆ ಹೊಳೆಯ ಮೇಲ್ಗಡೆಗೆ ಮುಖ ಮಾಡಿ ಹಾಡುತ್ತಿದ್ದಳು. ಆ ಸೊಲ್ಲು ಮುಗಿದದ್ದೇ ಅಕ್ಕ ಎರಡನೆಯದನ್ನು ಹಿಡಿದಳು. ತುತ್ತೂರಿಯಿಂದ ಹೊರಟ ದನಿಗೆ ಅವ್ವನ ಮುಖ ಸರಕ್ಕನೆ ನಮ್ಮ ಕಡೆ ತಿರುಗಿತು.

ಪದ ಎಷ್ಟು ಹೊತ್ತು ನಡೆಯಿತೋ. ವಕೀಲರ ಭಾಷಣವೂ ಆಯಿತು. ಜನರ ಸರ್ಕಾರದ ಬಗ್ಗೆ ಅವರು ಏನು ಹೇಳಿದರೆಂದು ನನಗೆ ನೆನಪಿಲ್ಲ. ಕಟ್ಟೆಯ ಹಲಗೆಗೆ ಎರಡೂ ಊರಿನ ಒಬ್ಬೊಬ್ಬ ಕಾವಲುಗಾರ ಎಂದು ತೀರ್ಮಾನವಾದದ್ದು ನೆನಪಿದೆ. ನಾನು ಚೊಂಬಿನ ತಂತಿ ಹಿಡಿದು ಕೂತಿದ್ದೆ.

ಸಭೆ ಮುಗಿದ ಮೇಲೆ ಹೊಸ ಸಂಕಟ. ಹರಿಗೋಲು ಮೊದಲು ಯಾವ ದಡಕ್ಕೆ? ಅಂಬಿಗರಿಬ್ಬರೂ ಹುಟ್ಟು ಹಿಡಿದು ಬಾಯಿ ನೋಡುತ್ತಿದ್ದರು. ಅಕ್ಕನನ್ನು ಕರೆದುಕೊಂಡು ಹೋಗಲೇ ಎಂದು ಕೇಳುವ ಧೈರ್ಯ ನನಗಿಲ್ಲ. ಬಾ ಎಂದು ಕರೆದರೆ ಪಟೇಲರ ಗೌರವಕ್ಕೆ ಕಮ್ಮಿ. ಬರುತ್ತೇನೆಂದು ಭಾವ ಅನ್ನುವ ಮಾತೇ ಇಲ್ಲ.

ಭಾವ ಬಗ್ಗಿ ಹೊಳೆಯಿಂದ ಚೊಂಬು ಎಳೆದುಕೊಂಡರು. ತಂತಿ ಬಿಚ್ಚಿ, ತೂತನ್ನು ಬೆಳಕಿಗೆ ಹಿಡಿದು ನೋಡಿದರು.

"ಅತ್ತೆ ಕೊಟ್ಟ ಚೊಂಬ್ಗೆ ಅವ್ರ ಮಗ್ನೇ ತೂತು ಒಡ್ದವ್ನೆ. ಇದ ಇಂಗೇ ಬುಡಕಾಯ್ತದಾ? ಅವ್ರ ಮುಂದೇನೇ ಮಡಗಿ ನ್ಯಾಯ ಕೇಳ್ಬೇಕು," ಎಂದರು. ಆಮೇಲೆ ಅಂಬಿಗನಿಗೆ, "ಇನ್ನೇನ್ಲಾ ನೋಡ್ತಿಯಾ, ಕೊಪ್ಪಲ ಕಡೀಕೆ ಉಟ್ಟಾಕು," ಎಂದರು.

ಹೀಗೆ ನ್ಯಾಯ ಕೇಳಲೆಂದು ಭಾವ ನಮ್ಮ ದಡದ ಮೇಲೆ ಕಾಲಿಟ್ಟರು, ಫಿರ್ಯಾದಿಗೆ ಸಾಕ್ಷಿಯೆಂದು ಅಕ್ಕ ಹಿಂದೆ ಇಳಿದಳು. ಅವ್ವ ಮಗಳ ಮುಖವನ್ನು ಎರಡು ಕೈಯಲ್ಲಿ ತಡವಿದಳು. ಭಾವ ಗಂಟಲು ಸರಿಮಾಡಿಕೊಂಡು ಚೊಂಬನ್ನು ಅವಳ ಕೈಗೆ ಕೊಟ್ಟು ದೂರು ಹೇಳಿದರು. ಅವ್ವ ತಡವಿ ತಡವಿ ತೂತು ಹುಡುಕಿ ಅದರ ಮೇಲೆ ಬೆರಳಿಟ್ಟಳು.

"ನೀರು ನಿಲ್ತದಾ ಇದ್ರಲ್ಲಿ?" ಎಂದು ನನ್ನನ್ನು ಕೇಳಿದಳು.

"ತೂತಿನ್ಗಂಟ ನಿಲ್ತದೆ ಕಣವ್ವ."

"ಅಷ್ಟ್ ನಿಂತ್ರೆ ಸಾಕು ಬುಡು," ಎಂದು ಅವ್ವ, ಅಳಿಯನಿಗೆ ಕಾಲು ತೊಳೆಯಲು ಅದರಲ್ಲೇ ನೀರು ತುಂಬಿಸಿಕೊಂಡು ಬಾ ಎಂದು ನನ್ನನ್ನು ಹೊಳೆಗೆ ಕಳಿಸಿದಳು.